ಕೆರ್ಸ್ಟಿನ್ ತಿಂದ ಆಲೂಗಡ್ಡೆ

ಅಕ್ಟೋಬರ್ 6, ಭಾನುವಾರ

ಇವತ್ತಿನಿಂದ ನನ್ನ ಬಾಯಿಗೆ ಬೀಗ. ಅದಕ್ಕೇ ಈ ದಿನಚರಿ. ಎದುರಿಗೆ ಹೇಳಬಾರದೆಂದು ನಿಷೇಧಿಸಿದ್ದನ್ನೆಲ್ಲ ಇಲ್ಲಿ ಬರೆಯುತ್ತೇನೆ. ಸತ್ಯ ಕೇಳುವ ತಾಳ್ಮೆ ಕಾಗದಕ್ಕಾದರೂ ಇರಬಹುದು.

ಹತ್ತೊಂಬತ್ತು ವರ್ಷ ನಾನು ನಡೆಸಿಕೊಂಡು ಬಂದ ಆಟ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಮೇಜಿನ ಸುತ್ತ ಕೂತು ಒಂದೊಂದು ಪಾತ್ರವಾಗಿ ಅದರೊಳಗೆ ಬದುಕುತ್ತಾರೆ, ಅನುಮಾನ ಬಂದಲ್ಲಿ ದಾಳ ಉರುಳಿಸುತ್ತಾರೆ. ಬೇರೆ ಗುಂಪುಗಳಲ್ಲಿ ಡ್ರ್ಯಾಗನ್ನುಗಳು, ಮಂತ್ರವಾದಿಗಳು, ಚೂಪು ಕಿವಿಯ ಹುಡುಗಿಯರು. ನಮ್ಮಲ್ಲಿ ಚರಿತ್ರೆ. ಪ್ರತಿ ಕಥೆಯೂ ಒಂದು ಚರಿತ್ರೆ ಪುಸ್ತಕದಿಂದಲೇ ಹುಟ್ಟಬೇಕು. ಆ ಪುಸ್ತಕ ಮೇಜಿನ ನಡುವೆ ಇರಬೇಕು. ಅದು ಹೇಳಿದ್ದೇ ಕಾನೂನು, ಅದಕ್ಕೆ ವಿರುದ್ಧವಾಗಿ ಆಡಿದ್ದನ್ನು ಆಡಲೇ ಇಲ್ಲವೆಂದು ಅಳಿಸಿಹಾಕಬೇಕು. ಈ ಕಾನೂನು ಮಾಡಿದವನು ನಾನು. ಅದು ಇಲ್ಲದಿದ್ದರೆ ಈ ಹೆಲ್ಸಿಂಗ್‌ಬೊರ್ಗಿನ ಜನ ಹಳೆಯ ರಾಜರ ಕೈಗೂ ಕಾಫಿ ಲೋಟ ಕೊಡುತ್ತಿದ್ದರು.

ಈಗ ನನ್ನನ್ನು ಕೆಳಗಿಳಿಸಿದ್ದಾರೆ. ಕಾರಣ ಒಂದು ಆಲೂಗಡ್ಡೆ.

ಕಳೆದ ವಸಂತದಲ್ಲಿ ನಾವು 1632ರ ಜರ್ಮನಿಯಲ್ಲಿದ್ದೆವು. ನಮ್ಮ ಗುಂಪಿನ ಸೋಲ್ವೆ ಎಂಬವನ ಪಾತ್ರದ ಹೆಸರು ಕೆರ್ಸ್ಟಿನ್: ನಮ್ಮ ಸ್ವೀಡಿಷ್ ದಂಡಿನ ಹಿಂದೆ ಗಾಡಿ ಹೊಡೆದುಕೊಂಡು ಬ್ರೆಡ್ಡು, ಬಿಯರು ಮಾರುವ ಬಾಯಿಬಡಕಿ. ಹನ್ನೊಂದು ವರ್ಷದಿಂದ ಒಂದು ಕಥೆ ಮುಗಿದು ಇನ್ನೊಂದು ಶುರುವಾದರೂ ಅವನು ಕೆರ್ಸ್ಟಿನ್ನಳನ್ನು ಬಿಟ್ಟಿರಲಿಲ್ಲ. ಸೋಲ್ವೆಗೆ ಕನ್ನಡಕದ ಅಂಗಡಿಯಿದೆ. ಉಗ್ಗುತ್ತಾನೆ, ಗಿರಾಕಿಗೆ ಬೆಲೆ ಹೇಳುವ ಬದಲು ಚೀಟಿ ತೋರಿಸುತ್ತಾನೆ. ಕೆರ್ಸ್ಟಿನ್ ಮಾತ್ರ ಉಗ್ಗುತ್ತಿರಲಿಲ್ಲ. ಆ ದಿನ ಅವಳು, "ಒಲೆ ಮೇಲೆ ಆಲೂಗಡ್ಡೆ ಇಟ್ಟಿದೀನಿ, ಒಂದು ತಿಂದು ಬರ್ತೀನಿ ಇರ್ರೋ" ಎಂದಳು. ಆ ಪ್ರಾಂತ್ಯದಲ್ಲಿ, ಆ ವರ್ಷ, ಆಲೂಗಡ್ಡೆ! ಅದಿನ್ನೂ ಅಲ್ಲಿಗೆ ಬಂದೇ ಇರಲಿಲ್ಲ. ಪುಸ್ತಕ ಬಿಡಿಸಿ ನಲವತ್ತು ನಿಮಿಷ ವಿವರಿಸಿದೆ. ಆಲೂಗಡ್ಡೆಯಲ್ಲ ಎಂದ ಮೇಲೆ ಅವಳು ತಿಂದ ಗಡ್ಡೆ ಯಾವುದು? ವಿಷದ ಗಡ್ಡೆಯೇ ಇರಬೇಕು. ದಾಳ ಉರುಳಿಸು ಎಂದೆ. ಒಂದು ಬಿತ್ತು. ಕೆರ್ಸ್ಟಿನ್ ಸತ್ತಳು.

ಅವತ್ತಿನಿಂದ ನನ್ನನ್ನು ಕೊಲೆಗಾರನ ಹಾಗೆ ನೋಡುತ್ತಾರೆ. ನಾನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿದ್ದರೆ ತೋರಿಸಲಿ.

ಇನ್ನು ಕಥೆ ನಡೆಸುವವಳು ಆನೆಲಿ. ಹಲ್ಲಿನ ಡಾಕ್ಟರ ಹತ್ತಿರ ನರ್ಸು. ಭಾನುವಾರ ಕ್ಲಿನಿಕ್ಕಿನ ಕೀಲಿ ಅವಳ ಬಳಿ ಇರುವುದರಿಂದ ನಾವು ಆಡುವುದು ಅಲ್ಲಿನ ಕಾಯುವ ಕೋಣೆಯಲ್ಲಿ, ಒಸಡಿನ ರೋಗದ ಚಿತ್ರಗಳ ಕೆಳಗೆ. ಮಕ್ಕಳಿಗೆ ಹಲ್ಲುಜ್ಜುವುದನ್ನು ಕಲಿಸಲು ಅಲ್ಲೊಂದು ದೊಡ್ಡ ಪ್ಲಾಸ್ಟಿಕ್ ದವಡೆ ಇದೆ. ಆನೆಲಿ ಅದನ್ನು ತಂದು ಮೇಜಿನ ಮೇಲಿಟ್ಟು ನನ್ನ ಮುಂದೆ ಮೂರು ಕಪ್ಪು ದಾಳ ಇಟ್ಟಳು.

"ನೋಡು ಎವರ್ಟ್, ನೀನು ಯಾರನ್ನಾದ್ರೂ ತಿದ್ದಿದ್ರೆ ಒಂದು ದಾಳ ಈ ಬಾಯೊಳಗೆ. ಮೂರೂ ಹೋದ್ರೆ ನೀನೂ ಹೋದ ಹಾಗೆ. ನಿನ್ನ ಕುರ್ಚಿಗೆ ನಮ್ಮ ಭಾವ ಕಾಯ್ತಾ ಇದಾನೆ."

ಅವಳ ಭಾವನನ್ನು ನಾನು ಬಲ್ಲೆ. ಕೊಂಬಿರುವ ವೈಕಿಂಗ್ ಟೋಪಿ ಹಾಕಿಕೊಂಡು ಹುಟ್ಟುಹಬ್ಬ ಮಾಡಿಕೊಳ್ಳುವ ಮನುಷ್ಯ. ವೈಕಿಂಗರ ಟೋಪಿಗೆ ಕೊಂಬು ಎಲ್ಲಿತ್ತು!

"ಇಷ್ಟಾದ್ರೂ ಯಾಕೆ ಉಳಿಸಿಕೊಂಡ್ವಿ ಗೊತ್ತಾ ಮೇಷ್ಟ್ರೇ?" ಎಂದಳು ಈಬೆನ್. ಇವಳು ಡೇನಿಷ್ ಹೆಂಗಸು, ಪ್ರತಿ ಭಾನುವಾರ ಜಲಸಂಧಿ ದಾಟಿ ಫೆರಿಯಲ್ಲಿ ಬರುತ್ತಾಳೆ, ಜೊತೆಗೆ ಸಿಗರೇಟಿನ ವಾಸನೆಯನ್ನೂ ತರುತ್ತಾಳೆ. "ಸೋಲ್ವೆ ಬೇಡ್ಕೊಂಡ ಅಂತ. ನಾನಾಗಿದ್ರೆ ಏಪ್ರಿಲ್‌ನಲ್ಲೇ ಬಾಗಿಲು ತೋರಿಸ್ತಿದ್ದೆ."

ಸೋಲ್ವೆ ಕನ್ನಡಕ ಒರೆಸುತ್ತ ಕೂತಿದ್ದ. ಅವನು ಬೇಡಿಕೊಳ್ಳಲಿ ಎಂದು ನಾನೇನೂ ಕೇಳಿರಲಿಲ್ಲ.

ಜೂನ್‌ನಲ್ಲಿ ಶಾಲೆಯವರು ಕೇಕ್ ಕತ್ತರಿಸಿ ನಿವೃತ್ತಿ ಮಾಡಿದರು. ಈಗ ವಾರದಲ್ಲಿ ನನ್ನನ್ನು ಯಾರಾದರೂ ಕಾಯುವ ಜಾಗ ಈ ಹಲ್ಲಿನ ಕ್ಲಿನಿಕ್ಕು ಒಂದೇ. ಸಮಯ ಕಳೆಯಲು ಹೋಗುತ್ತೇನೆ, ಅಷ್ಟೇ.

ಅಕ್ಟೋಬರ್ 7

ಆನೆಲಿ ಆರಿಸಿದ ಪುಸ್ತಕ ನೋಡಿದೆ. 1709ರಲ್ಲಿ ಡೇನರು ಜಲಸಂಧಿ ದಾಟಿ ನಮ್ಮ ಸ್ಕೋನೆ ಪ್ರಾಂತ್ಯಕ್ಕೆ ನುಗ್ಗಿದ್ದು, ಆ ಚಳಿಗಾಲದ ಕೊನೆಗೆ ಈ ಊರಿನ ಹೊರಗೇ ಸೋತು ಓಡಿದ್ದು. ವಿಷಯ ಒಳ್ಳೆಯದೇ. ಪುಸ್ತಕ ರೈಲ್ವೆ ನಿಲ್ದಾಣದ ಅಂಗಡಿಯದು, ಮಿಠಾಯಿಯ ಪಕ್ಕ ಮಾರುವಂಥದ್ದು. ಬರೆದವನು ಟಿವಿಯಲ್ಲಿ ಅಡುಗೆ ಕಾರ್ಯಕ್ರಮವನ್ನೂ ನಡೆಸುತ್ತಾನಂತೆ. ಮುಖಪುಟದ ಮೇಲಿನ ಸೈನಿಕನ ಕೋಟಿಗೆ ಗುಂಡಿ ತಪ್ಪು ಬದಿಯಲ್ಲಿದೆ.

ಒಂದು ಪ್ರತಿ ಕೊಂಡುಕೊಂಡೆ. ಶತ್ರುವಿನ ಬಲ ತಿಳಿದಿರಬೇಕು.

ಅಕ್ಟೋಬರ್ 13, ಭಾನುವಾರ

ಪಾತ್ರಗಳು ಹಂಚಿಕೆಯಾದವು. ನನಗೆ ಸಿಕ್ಕಿದ್ದು ಪೋಲ್. ಹೆಬ್ಬಾತು ಕಾಯುವವನು. ಓದು ಬರಹ ಬಾರದು, ಲೆಕ್ಕ ಇಪ್ಪತ್ತರ ಆಚೆ ಹೋಗದು. ಮೂವತ್ತೈದು ವರ್ಷ ಚರಿತ್ರೆ ಪಾಠ ಮಾಡಿದವನಿಗೆ!

"ಪೋಲ್‌ಗೆ ಏನೂ ಗೊತ್ತಿಲ್ಲ," ಎಂದಳು ಆನೆಲಿ. "ಅದೇ ಅವನ ಚೆಂದ."

ಈಬೆನ್‌ಗೆ ಬೊಯೆಲ್ ಎಂಬ ವಿಧವೆ. ಹಳ್ಳಿಯಲ್ಲಿ ಛತ್ರ ನಡೆಸುತ್ತಾಳೆ, ಒಂದು ಕುದುರೆ ಇದೆ. ಸೋಲ್ವೆ ತನ್ನ ಪಾತ್ರವನ್ನು ತಾನೇ ಬರೆದುಕೊಂಡು ಬಂದಿದ್ದ: ತೂವೆ, ಅಂಬಿಗ, ಮೂಗ. ಆಟದುದ್ದಕ್ಕೂ ಅವನು ತಲೆಯಾಡಿಸಿದ, ಕೈ ತೋರಿಸಿದ, ಅಷ್ಟೇ. ಮಾತಿನ ಆಟಕ್ಕೆ ಮೂಗನನ್ನು ತರುವುದು ಸೋಮಾರಿತನ ಎಂದು ನನ್ನ ಅಭಿಪ್ರಾಯ.

ಆಮೇಲೆ ಬೊಯೆಲ್ ತನ್ನ ಛತ್ರದಲ್ಲಿ ಎಲ್ಲರಿಗೂ ಕಾಫಿ ಬಗ್ಗಿಸಿದಳು. 1709ರಲ್ಲಿ! ಹಳ್ಳಿ ಛತ್ರದಲ್ಲಿ! ನಾನು ಬಾಯಿ ಮುಚ್ಚಿಕೊಳ್ಳಲು ನಿಜವಾಗಿಯೂ ಪ್ರಯತ್ನಪಟ್ಟೆ. ಆದರೆ ಅವಳು ಸಕ್ಕರೆ ಬೇಕಾ ಎಂದು ಕೇಳಿದಳು.

ಒಂದು ದಾಳ ದವಡೆಯೊಳಗೆ ಹೋಯಿತು. ಈಬೆನ್ ಚಪ್ಪಾಳೆ ತಟ್ಟಿದಳು.

ಅಕ್ಟೋಬರ್ 16

ಗ್ರಂಥಾಲಯಕ್ಕೆ ಹೋಗಿದ್ದೆ. ಹಳೆಯ ಕಾಲದ ಹೆಬ್ಬಾತು ಸಾಕಣೆ ಬಗ್ಗೆ ಎರಡು ಪುಸ್ತಕ ತಂದೆ. ಆನೆಲಿಯ ಅಜ್ಞಾನ ಎಷ್ಟು ಆಳ ಎಂದು ಅಳೆಯುವುದಕ್ಕೆ.

ಹೆಬ್ಬಾತುಗಳನ್ನು ದೂರ ನಡೆಸುವಾಗ ಅವುಗಳ ಕಾಲಿಗೆ ಟಾರು ಮೆತ್ತಿ ಮರಳಿನಲ್ಲಿ ಓಡಾಡಿಸುತ್ತಿದ್ದರಂತೆ, ಅಂಗಾಲು ಸವೆಯದಿರಲೆಂದು. ಇದು ಆನೆಲಿಗೆ ಎಲ್ಲಿ ಗೊತ್ತಿರಬೇಕು.

ಅಕ್ಟೋಬರ್ 27, ಭಾನುವಾರ

ಇವತ್ತು ಮೇಜಿನ ಮೇಲೆ ಎರಡು ಪುಸ್ತಕ. ಈಬೆನ್ ತನ್ನ ಅಪ್ಪನ ಕಪಾಟಿನಿಂದ ಒಂದು ಡೇನಿಷ್ ಚರಿತ್ರೆ ತಂದಿದ್ದಾಳೆ: ಚರ್ಮದ ಬೆನ್ನು, ಹಳೇ ಅಕ್ಷರ, ಪ್ರತಿ ಪುಟಕ್ಕೂ ಅಡಿಟಿಪ್ಪಣಿ. ಈ ಮೇಜಿನ ಮೇಲೆ ಎಷ್ಟೋ ದಿನಕ್ಕೆ ಒಂದು ಮರ್ಯಾದಸ್ಥ ವಸ್ತು ಕಂಡಿತು.

"ಡೇನರು ಏನೇನು ಮಾಡಿದ್ರು ಅನ್ನೋದನ್ನ ಡೇನರ ಪುಸ್ತಕದಿಂದ ತಗೊಳ್ಳೋಣ. ಹಳ್ಳಿಯವರದ್ದು ನನ್ನ ಪುಸ್ತಕದಿಂದ. ನ್ಯಾಯ ಅಲ್ವಾ?" ಎಂದಳು ಆನೆಲಿ.

"ಮೊದಲ ಸಲ ಯಾರೋ ನಮ್ಮ ಮಾತೂ ಕೇಳ್ತಾ ಇದಾರೆ," ಎಂದಳು ಈಬೆನ್.

ಪೋಲ್‌ಗೆ ಇಪ್ಪತ್ತು ಹೆಬ್ಬಾತು ಇವೆ. ಅವಕ್ಕೆ ನಾನು ಕೆಲಸ ಮಾಡಿದ ಶಾಲೆಯ ಅಧ್ಯಾಪಕರ ಹೆಸರಿಟ್ಟೆ. ಅತಿ ದಪ್ಪಗಿನದು, ಯಾರನ್ನೂ ಕೇಳದೆ ಮುಂದೆ ನಡೆಯುವುದು ನಮ್ಮ ಮುಖ್ಯೋಪಾಧ್ಯಾಯ, ರೆಕ್ಟರ್ ಸಂಡ್‌ಸ್ಟ್ರೋಮ್. ಸೋಲ್ವೆ ನಕ್ಕ. ಶಬ್ದ ಮಾಡದೆ, ಭುಜ ಕುಣಿಸಿ. ಅವನೂ ಅದೇ ಶಾಲೆಯಲ್ಲಿ ಓದಿದವನು.

ಒಂದೊಂದರ ಕಾಲಿಗೂ ಟಾರು ಮೆತ್ತಿದೆ. ಅದು ತಿದ್ದುಪಡಿ ಅಲ್ಲ, ಪೋಲ್‌ನ ಕೆಲಸ ಎಂದು ಆನೆಲಿ ಒಪ್ಪಿದಳು. "ಅಯ್ಯೋ, ಎಷ್ಟು ಚೆನ್ನಾಗಿದೆ ಇದು!" ಎಂದು ಬರೆದುಕೊಂಡಳು ಕೂಡ. ಹೊಗಳಿಕೆ ಕೇಳುವ ವಯಸ್ಸು ನನಗೆ ದಾಟಿದೆ.

ನವೆಂಬರ್ 3, ಭಾನುವಾರ

ಮೂರ್ಖತನಕ್ಕೂ ಒಂದು ಮಿತಿ ಬೇಡವೇ?

ಡೇನರ ದಂಡು ಹಳ್ಳಿಗೆ ಬರುತ್ತಿದೆ, ಬೊಯೆಲ್ ತನ್ನ ಬೆಳ್ಳಿ ಚಮಚ ಹೂಳಬೇಕು. ಈಬೆನ್ ಬೊಯೆಲಳಾಗಿ ಹೇಳುತ್ತಾಳೆ: "ಪೋಲ್, ಐದು ನಿಮಿಷ ಅವರನ್ನ ತಡೆದು ನಿಲ್ಸು."

ಐದು ನಿಮಿಷ! ಹಳ್ಳಿಯಲ್ಲಿ ಗಡಿಯಾರವಿಲ್ಲ. ಚರ್ಚಿನ ಗಂಟೆ ಬಿಟ್ಟರೆ ಸಮಯವೇ ಇಲ್ಲ. ನಿಮಿಷ ಎಂದರೇನೆಂದು ಆ ಹೆಂಗಸಿಗೆ ಹೇಗೆ ಗೊತ್ತು? ನಾನು ಹೇಳಿದೆ. ಸ್ವಲ್ಪ ಜೋರಾಗಿ ಹೇಳಿದೆನೇನೋ. ಪೋಲ್ ಹೊತ್ತನ್ನು ಅಳೆಯುವುದು ಹೆಬ್ಬಾತುಗಳು ಮೇವು ನುಂಗುವ ಲೆಕ್ಕದಲ್ಲಿ ಎಂದೂ ಹೇಳಿದೆ.

"ದಾಳ," ಎಂದಳು ಆನೆಲಿ.

"ಆದ್ರೆ ನಾನು ಹೇಳಿದ್ದು ನಿಜ."

"ನೀನು ಹೇಳೋದು ಯಾವತ್ತೂ ನಿಜಾನೇ ಎವರ್ಟ್. ಅದೇ ತೊಂದ್ರೆ. ದಾಳ ಹಾಕು."

ಎರಡನೆಯದೂ ಹೋಯಿತು. ಮತ್ತೆ ಆಟ ಮುಂದುವರಿಯಲೇ ಇಲ್ಲ. ಈಬೆನ್ ಸಿಗರೇಟು ಸೇದಲು ಹೊರಗೆ ಹೋದವಳು ಒಳಗೆ ಬರಲಿಲ್ಲ, ಮುಂಚಿನ ಫೆರಿ ಹಿಡಿದಳು.

ಸೈಕಲ್ ನಿಲ್ಲಿಸುವ ಕಡೆ ಸೋಲ್ವೆ ನನಗಾಗಿ ಕಾಯುತ್ತಿದ್ದ. "ಇ-ಇನ್ನೊಂದೇ ಉಳಿದಿರೋದು," ಎಂದ.

"ಎಣಿಸೋಕೆ ನನಗೂ ಬರುತ್ತೆ," ಎಂದೆ.

"ಕ-ಕಳ್ಕೋಬೇಡ ಮಾರಾಯ."

ಅವನಿಗೇನಂತೆ? ನಾನು ಹೋದರೆ ಅವನಿಗೆ ಹಾಯಾಗಬೇಕು. ಕೊಂಬಿನ ಟೋಪಿಯವನ ಪಕ್ಕ ಕೂರಲಿ.

ನವೆಂಬರ್ 4

ಮೂರ್ಖರು.

ನವೆಂಬರ್ 10, ಭಾನುವಾರ

ಮಾರ್ಟಿನ್ ಹಬ್ಬದ ಮುನ್ನಾದಿನ. ಸ್ಕೋನೆಯಲ್ಲಿ ಹೆಬ್ಬಾತು ತಿನ್ನದ ಮನೆ ಇವತ್ತು ಇರಲಾರದು. ಆನೆಲಿ ಇಡೀ ಹಕ್ಕಿಯನ್ನು ಹುರಿದು, ಹೊಟ್ಟೆಗೆ ಸೇಬು ತುಂಬಿ ಕ್ಲಿನಿಕ್ಕಿಗೇ ತಂದಿದ್ದಳು. ಪಕ್ಕದಲ್ಲಿ ರಕ್ತದ ಕಪ್ಪು ಸೂಪು.

ಆಟದಲ್ಲಿ ಡೇನರು ಹಳ್ಳಿಗೆ ಬಂದರು. ಬೊಯೆಲಳ ಕುದುರೆ ಹೋಯಿತು. ಆಮೇಲೆ ನನ್ನ ಹೆಬ್ಬಾತುಗಳ ಸರದಿ. ಹನ್ನೊಂದನ್ನು ಚರ್ಚಿನ ಗಂಟೆಗೋಪುರದಲ್ಲಿ ಅಡಗಿಸಿದೆ. ಮೂಗ ತೂವೆ ಒಂದೊಂದನ್ನೇ ಕಂಕುಳಲ್ಲಿ ಇಟ್ಟುಕೊಂಡು ಏಣಿ ಹತ್ತಿದ. ಒಂಬತ್ತು ಸಿಕ್ಕಿಬಿದ್ದವು. ರೆಕ್ಟರ್ ಸಂಡ್‌ಸ್ಟ್ರೋಮ್ ತಾನಾಗಿಯೇ ಸೈನಿಕರ ಎದುರಿಗೆ ನಡೆದು ಹೋಯಿತು. ಅದರ ಸ್ವಭಾವವೇ ಹಾಗೆ, ಯಾರ ಮಾತೂ ಕೇಳುವುದಿಲ್ಲ. ದಾಳ ಉರುಳಿಸಿದೆ, ಎರಡು ಬಿತ್ತು.

ಊಟಕ್ಕೆ ಕೂತಾಗ ನಾನು ಬರೀ ಕೆಂಪು ಕೋಸು ತಿಂದೆ.

"ಯಾಕೋ, ಹೆಬ್ಬಾತು ಬೇಡ್ವಾ?" ಎಂದು ಆನೆಲಿ ಕೇಳಿದಳು.

ಎಣ್ಣೆ ಹೆಚ್ಚಾಗಿದೆ ಎಂದೆ. ನಿಜವಾಗಿಯೂ ಹೆಚ್ಚಾಗಿತ್ತು.

ನವೆಂಬರ್ 17, ಭಾನುವಾರ

ಆನೆಲಿಗೆ ನೆಗಡಿ, ಆಟ ಇಲ್ಲ. ಒಳ್ಳೆಯದೇ ಆಯಿತು. ಇಡೀ ದಿನ ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಡೇನಿಷ್ ಪುಸ್ತಕದ ಇನ್ನೊಂದು ಪ್ರತಿಯನ್ನು ಗ್ರಂಥಾಲಯದಿಂದ ತಂದಿದ್ದೆ.

ಸಿಕ್ಕಿತು! ಹತ್ತೊಂಬತ್ತು ವರ್ಷದಲ್ಲಿ ಇಂಥದ್ದು ಸಿಕ್ಕಿರಲಿಲ್ಲ.

ಆ ಕಾಲದಲ್ಲಿ ಜಲಸಂಧಿಯ ಎರಡು ದಡಕ್ಕೂ ಒಂದೇ ಪಂಚಾಂಗ ಇರಲಿಲ್ಲ. ಡೇನರ ತಾರೀಖು ನಮ್ಮದಕ್ಕಿಂತ ಹತ್ತು ದಿನ ಮುಂದೆ ಓಡುತ್ತಿತ್ತು. ನಮ್ಮವರು ಮಾರ್ಚ್ ಐದು ಎಂದ ದಿನವೇ ಅವರು ಹದಿನೈದು ಎನ್ನುತ್ತಿದ್ದರು. ಅಡುಗೆ ಕಾರ್ಯಕ್ರಮದವನ ಪುಸ್ತಕದಲ್ಲಿರುವುದು ನಮ್ಮ ತಾರೀಖು, ಈಬೆನ್ನಳ ಪುಸ್ತಕದಲ್ಲಿ ಡೇನರದ್ದು. ಆನೆಲಿ ಎರಡನ್ನೂ ಒಂದೇ ದಾರಕ್ಕೆ ಪೋಣಿಸಿದ್ದಾಳೆ! ಅವಳ ಕಥೆಯಲ್ಲಿ ಸೋತ ಡೇನರು ಊರು ಬಿಡುವುದು ಮಾರ್ಚ್ ಮಧ್ಯದಲ್ಲಿ. ನಮ್ಮ ತಾರೀಖಿನ ಮಾರ್ಚ್ ಮಧ್ಯಕ್ಕೆ ಅವರು ಹೋಗಿ ಹತ್ತು ದಿನ ಆಗಿರಬೇಕು. ಮುಂದಿನ ವಾರ ಕೊನೆಯ ಆಟ: ನಾವು ಮೂವರೂ ಹಳ್ಳಿಯಿಂದ ಈ ಊರಿಗೆ ನಡೆದು ಬಂದು, ಡೇನರು ಕಸಿದ ಕುದುರೆಯನ್ನು ಬಿಡಿಸಿಕೊಳ್ಳಬೇಕು. ಯಾರಿಂದ ಬಿಡಿಸಿಕೊಳ್ಳುವುದು? ಊರಲ್ಲಿ ಒಬ್ಬ ಡೇನನೂ ಇಲ್ಲ. ಖಾಲಿ ಬೀದಿ, ಸತ್ತ ಕುದುರೆಗಳ ವಾಸನೆ, ಅಷ್ಟೇ. ದೋಣಿಯಲ್ಲಿ ಜಾಗ ಸಾಲದೆ ಅವರು ಸಾವಿರಾರು ಕುದುರೆಗಳನ್ನು ಕೊಂದು ಹೋದರು.

ಮೇಜಿನ ಮೇಲಿನ ಪುಸ್ತಕವೇ ಕಾನೂನು. ನಾನೊಂದು ಮಾತು ಹೇಳಿದರೆ ಕೊನೆಯ ಆಟ ಪೂರ್ತಿ ಅಳಿಸಿಹೋಗುತ್ತದೆ.

ಹೇಳುವುದಕ್ಕೆ ಒಂದು ದಾಳ ಉಳಿದಿದೆ. ಅದು ಹೋದರೆ ಕುರ್ಚಿಯೂ ಹೋಗುತ್ತದೆ. ಹೋಗಲಿ. ಇಂಥ ತಪ್ಪಿಗೆ ಒಂದು ಕುರ್ಚಿ ದುಬಾರಿಯಲ್ಲ. ಸರಿಯಾದ ಕ್ಷಣಕ್ಕೆ ಕಾಯುತ್ತೇನೆ, ಎಲ್ಲರೂ ಕಣ್ಣರಳಿಸಿ ಕೂತಿರುವಾಗ ಹೇಳುತ್ತೇನೆ. ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ. "ಒಂದು ಸಣ್ಣ ವಿಷಯ, ಆನೆಲಿ." ಚೆನ್ನಾಗಿ ಬಂತು.

ನವೆಂಬರ್ 20

ಇನ್ನೊಮ್ಮೆ ಹೇಳಿ ನೋಡಿದೆ. ಬೇರೇನೂ ಕೆಲಸವಿಲ್ಲ.

ಪೋಲ್ ಊರಿಗೆ ಹೋದರೆ ಗೋಪುರದಲ್ಲಿರುವ ಹನ್ನೊಂದಕ್ಕೆ ಮೇವು ಹಾಕುವವರು ಯಾರೆಂದು ಆನೆಲಿ ಯೋಚಿಸಿಯೇ ಇಲ್ಲ. ಫೋನ್ ಮಾಡಿ ಕೇಳಿದೆ. ಪಾದ್ರಿಯ ಹೆಂಡತಿ ನೋಡಿಕೊಳ್ಳುತ್ತಾಳಂತೆ. ಆ ಹೆಂಗಸಿನ ಮೇಲೆ ನನಗೆ ನಂಬಿಕೆಯಿಲ್ಲ.

ನವೆಂಬರ್ 24, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಊರ ಬಾಗಿಲಲ್ಲಿ ನಾವು ಮೂವರು. ಬೊಯೆಲ್‌ಗೆ ಜ್ವರ. ಈಬೆನ್ ದಾಳದಲ್ಲಿ ಒಂದರ ಮೇಲೊಂದು ಸೋತಿದ್ದಳು, ಅವಳ ಪಾತ್ರಕ್ಕೆ ಎದ್ದು ನಿಲ್ಲಲೂ ತ್ರಾಣವಿಲ್ಲ. ಬಂದರಿನ ಹತ್ತಿರ ಕುದುರೆಗಳನ್ನು ಸಾಲಾಗಿ ಕಟ್ಟಿದ್ದಾರೆ. ಡೇನಿಷ್ ಅಧಿಕಾರಿಯ ಮಾತು ಆನೆಲಿಯದು. ನೆಗಡಿಯಿಂದ ಅವಳ ದನಿ ಇನ್ನೂ ಗಡಸಾಗಿತ್ತು, ಅಧಿಕಾರಿಗೆ ಹೊಂದುತ್ತಿತ್ತು.

"ಯಾರ ಕುದುರೆ ಇದು? ಯಾರು ಮಾತಾಡ್ತೀರಿ? ಬೇಗ ಹೇಳಿ, ನಮಗೆ ದೋಣಿ ಹತ್ತೋ ಹೊತ್ತಾಯ್ತು."

ಯಾರೂ ಇಲ್ಲ. ಬೊಯೆಲ್ ಬಿದ್ದಿದ್ದಾಳೆ, ತೂವೆ ಮೂಗ. ಉಳಿದವನು ನಾನು. ಎಲ್ಲರೂ ನನ್ನ ಕಡೆ ತಿರುಗಿದರು. ಇದೇ ಕ್ಷಣ ಎಂದುಕೊಂಡೆ. ದಾಳವನ್ನು ಬೆರಳಲ್ಲಿ ಹಿಡಿದೆ. "ಒಂದು ಸಣ್ಣ—" ಎಂದೆ.

"ನಾನು ಮಾತಾಡ್ತೀನಿ," ಎಂದ ಸೋಲ್ವೆ.

ಆನೆಲಿಯ ಪೆನ್ನು ನಿಂತಿತು.

"ಸ್ವಾಮಿ, ನಾನು ಮೂಗ ಅಲ್ಲ," ಎಂದ. ಎದ್ದು ನಿಂತು ಹೇಳಿದ. "ನಾನು ದೋಣಿ ಹಾಯಿಸೋನು. ಆಚೆ ದಡಕ್ಕೆ ಹೋದ್ರೆ ನಿಮ್ಮೋರು 'ಏ, ನೀನು ಸ್ವೀಡರ ಥರ ಮಾತಾಡ್ತೀಯ' ಅಂತ ತಿದ್ದೋರು. ಈಚೆ ದಡಕ್ಕೆ ಬಂದ್ರೆ ನಮ್ಮೋರು 'ಡೇನರ ಥರ ಮಾತಾಡ್ತೀಯ' ಅಂತ ತಿದ್ದೋರು. ಬಾಯಿ ಬಿಟ್ರೆ ಸಾಕು, ಅರ್ಧ ಮಾತಿಗೇ ಯಾರಾದ್ರೂ ಕೈ ಎತ್ತೋರು. ಸಾಕಾಗಿ ಹೋಯ್ತು ಸ್ವಾಮಿ. ಸುಮ್ಮನಾಗಿಬಿಟ್ಟೆ. ಮೂಗ ಅಂದ್ರು, ಅನ್ಲಿ ಬಿಡು ಅಂದ್ಕೊಂಡೆ. ಆದ್ರೆ ಇವತ್ತು ಸುಮ್ನಿದ್ರೆ ಈ ಕುದುರೆ ಸಾಯುತ್ತೆ. ಬಿಳಿ ಕಾಲಿಂದು ನೋಡಿ, ಅದು ಈ ಬೊಯೆಲವ್ವಂದು. ಹೊಟ್ಟೇಲಿ ಮರಿ ಇದೆ. ಅದಕ್ಕೆ ನಿಮ್ಮ ರಾಜನೂ ಗೊತ್ತಿಲ್ಲ, ನಮ್ಮ ರಾಜನೂ ಗೊತ್ತಿಲ್ಲ. ದೋಣೀಲಿ ಜಾಗ ಇಲ್ಲ ಅಂತ ತಾನೆ ಕೊಲ್ಲೋದು? ನನ್ನ ದೋಣಿ ತಗೊಂಡು ಹೋಗಿ. ಹನ್ನೆರಡು ಜನ ಕೂರಬಹುದು. ಅಪ್ಪ ಮಾಡಿದ ದೋಣಿ, ಇನ್ನೂ ಸೋರಿಲ್ಲ. ಅದನ್ನ ತಗೊಳ್ಳಿ, ಇದನ್ನ ಬಿಡಿ."

ಒಂದು ಸಲವೂ ಉಗ್ಗಲಿಲ್ಲ. ಒಂದೇ ಒಂದು ಸಲವೂ ಇಲ್ಲ. ಏಪ್ರಿಲ್‌ನಿಂದ ಈಚೆಗೆ ಅವನು ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾನು ಮೂಗು ಒರೆಸಿಕೊಂಡೆ. ಆನೆಲಿಯ ನೆಗಡಿ ತಗುಲಿರಬೇಕು.

ಆನೆಲಿ ಪೆನ್ನು ಕೆಳಗಿಟ್ಟಳು. ಆಮೇಲೆ, "ದಾಳ ಹಾಕು ತೂವೆ. ಆರು ಬಿದ್ರೆ ಕುದುರೆ ನಿಮ್ದು," ಎಂದಳು.

ಅಷ್ಟರಲ್ಲಿ ಈಬೆನ್ ಎರಡೂ ಪುಸ್ತಕ ಎಳೆದುಕೊಂಡಿದ್ದಳು. ಹೆಬ್ಬೆರಳು ಒಂದರಲ್ಲಿ, ತೋರುಬೆರಳು ಇನ್ನೊಂದರಲ್ಲಿ. "ತಡಿ ತಡಿ. ಇದೇನಿದು? ಆನೆಲಿ ಪುಸ್ತಕದಲ್ಲಿ ನಮ್ಮೋರು ಆಗ್ಲೇ ಹೋಗಿಬಿಟ್ಟಿದಾರೆ. ನನ್ನ ಪುಸ್ತಕದಲ್ಲಿ ಇನ್ನೂ ಇಲ್ಲೇ ಇದಾರೆ. ಯಾವುದು ಸರಿ?"

ಆನೆಲಿಯ ಮುಖ ಬಿಳಿಚಿಕೊಂಡಿತು. "ನಾನು... ನೋಡ್ಲಿಲ್ಲ."

"ಡೇನರು ಇರ್ಲಿಲ್ಲ ಅಂದ್ರೆ ಇದೆಲ್ಲ ಅಳಿಸ್ಬೇಕಾಗುತ್ತೆ," ಎಂದಳು ಈಬೆನ್. "ಕಾನೂನು ಕಾನೂನೇ. ಮೇಷ್ಟ್ರೇ, ನೀನೇ ಹೇಳು. ನಾನಾಗೇ ಕೇಳ್ತಿರೋದು, ದಾಳ ಹಾಕೋದು ಬೇಡ. ನಿನಗೆ ಗೊತ್ತಿರುತ್ತೆ."

ದಾಳ ಕೊಡುವುದೂ ಬೇಡ! ಕುರ್ಚಿಯೂ ಉಳಿಯುತ್ತದೆ, ಸತ್ಯವೂ ಉಳಿಯುತ್ತದೆ. ಜೀವನದಲ್ಲಿ ಇಂಥ ಅವಕಾಶ ಯಾರಿಗೆ ಸಿಗುತ್ತದೆ? ನಾಲಗೆಯ ತುದಿಯಲ್ಲಿ ಎಲ್ಲವೂ ಸಿದ್ಧವಾಗಿತ್ತು: ಎರಡು ಪಂಚಾಂಗ, ಹತ್ತು ದಿನ, ಖಾಲಿ ಊರು. ಸೋಲ್ವೆ ಇನ್ನೂ ನಿಂತೇ ಇದ್ದ. ಕನ್ನಡಕ ಕೈಯಲ್ಲಿತ್ತು. ಅದಿಲ್ಲದಿದ್ದರೆ ಅವನಿಗೆ ನನ್ನ ಮುಖವೂ ಸರಿಯಾಗಿ ಕಾಣಿಸುವುದಿಲ್ಲ.

"ನಿನ್ನ ಪುಸ್ತಕ ಸರಿ," ಎಂದೆ ಈಬೆನ್‌ಗೆ. "ಆ ಇನ್ನೊಂದರಲ್ಲಿ ಅಚ್ಚಿನ ತಪ್ಪು. ಅಡುಗೆಯವನು ಬರೆದ ಪುಸ್ತಕ, ಇನ್ನೇನಾಗುತ್ತೆ? ಡೇನರು ಇದ್ರು. ಆಟ ಮುಂದುವರಿಸಿ."

"ಖಂಡಿತಾನಾ?"

"ನಾನು ಯಾವತ್ತಾದ್ರೂ ತಪ್ಪು ಹೇಳಿದೀನಾ?"

ಈಬೆನ್ ಎರಡೂ ಪುಸ್ತಕ ಮುಚ್ಚಿದಳು.

ಸೋಲ್ವೆ ದಾಳಕ್ಕಾಗಿ ಮೇಜು ತಡಕಿದ. ಕನ್ನಡಕ ಇಲ್ಲವಲ್ಲ. ನನ್ನ ಕಪ್ಪು ದಾಳವನ್ನೇ ಅವನ ಅಂಗೈಯಲ್ಲಿಟ್ಟೆ. ಆರು ಬಿತ್ತು. ಈಬೆನ್ ಕಿರುಚಿದ್ದಕ್ಕೆ ಮಹಡಿ ಮೇಲಿನವರು ನೆಲ ಕುಟ್ಟಿದರು. ಆನೆಲಿ ಅತ್ತಳು, ನೆಗಡಿಯೋ ಏನೋ.

ನಾನು ಸುಳ್ಳು ಹೇಳಿದೆ ಎನ್ನುವುದು ಸರಿಯಲ್ಲ. ಹತ್ತು ದಿನದ ವಿವರಣೆ ಕೊಡಲು ಕೂತರೆ ಕೊನೆಯ ಬಸ್ಸು ತಪ್ಪುತ್ತಿತ್ತು. ಈ ಜನಕ್ಕೆ ಅರ್ಥವೂ ಆಗುತ್ತಿರಲಿಲ್ಲ. ಸುಮ್ಮನೆ ಯಾಕೆ ಶ್ರಮ?

ಸೈಕಲ್ ನಿಲ್ಲಿಸುವ ಕಡೆ ಸೋಲ್ವೆ ಮತ್ತೆ ಕಾಯುತ್ತಿದ್ದ. ಬೀಗ ತೆಗೆಯುತ್ತ, ತಲೆ ಎತ್ತದೆ, "ಹ-ಹತ್ತು ದಿನ," ಎಂದ.

"ಏನು ಹತ್ತು ದಿನ?"

"ಏ-ಏನಿಲ್ಲ. ನೀನೇ ಹೇಳ್ಕೊಟ್ಟಿದ್ದು, ಒ-ಒಂದು ಸಲ. ಬಹಳ ವರ್ಷ ಆಯ್ತು." ಸೈಕಲ್ ಹತ್ತಿ ಹೋದ.

ಏನು ಹೇಳಿಕೊಟ್ಟಿದ್ದೆನೋ ನನಗೆ ನೆನಪಿಲ್ಲ. ಬಸ್ಸಿನ ವೇಳಾಪಟ್ಟಿ ನೋಡಿಕೊಂಡಿರಲಿಲ್ಲ, ನಡೆದೇ ಬಂದೆ.

ನವೆಂಬರ್ 27

ಆನೆಲಿಯ ಫೋನ್. ನನ್ನ ಮುಂದೆ ದಾಳ ಉಳಿದಿಲ್ಲ, ಆದರೆ ದವಡೆಯಲ್ಲಿ ಇರುವುದು ಎರಡೇ. ಇದನ್ನು ಹೇಗೆ ಲೆಕ್ಕ ಹಾಕುವುದೆಂದು ಅವಳಿಗೆ ತಿಳಿಯುತ್ತಿಲ್ಲವಂತೆ. ಭಾವನಿಗೆ ಸದ್ಯಕ್ಕೆ ಬೇಡ ಎಂದಿದ್ದಾಳೆ. ಭಾನುವಾರ ಕಥೆ ಮುಗಿದ ಖುಷಿಗೆ ಊಟ, ಎಲ್ಲರೂ ಒಂದೊಂದು ತರಬೇಕು.

"ನೀನೇನು ತರ್ತೀಯ ಎವರ್ಟ್?"

"ನೋಡೋಣ," ಎಂದೆ. ಅಡುಗೆ ಮಾಡುವ ಅಭ್ಯಾಸ ನನಗಿಲ್ಲ.

ಡಿಸೆಂಬರ್ 1, ಭಾನುವಾರ

ಅಂಗಡಿಯಲ್ಲಿ ಬೇರೇನೂ ಚೆನ್ನಾಗಿರಲಿಲ್ಲ. ಮೀನು ಹಳತು, ಕೋಸು ಬಾಡಿತ್ತು. ಹಾಗಾಗಿ ಆಲೂಗಡ್ಡೆ ಕೊಂಡೆ. ಸಣ್ಣವು, ತೆಳು ಸಿಪ್ಪೆಯವು. ಉಪ್ಪು ಹಾಕಿ ಬೇಯಿಸಿ, ಬೆಣ್ಣೆ ಸವರಿ, ಮೇಲೆ ಸಬ್ಬಸಿಗೆ ಉದುರಿಸಿ, ಪಾತ್ರೆಗೆ ಟವೆಲ್ ಸುತ್ತಿಕೊಂಡು ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಹೋದೆ. ಪ್ಯಾಂಟಿಗೆ ಬೆಣ್ಣೆ ತಾಗಿತು.

ಕ್ಲಿನಿಕ್ಕಿನ ಕಿಟಕಿಯಲ್ಲಿ ಆನೆಲಿ ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟಿನ ಮೊದಲ ಮೋಂಬತ್ತಿ ಹಚ್ಚಿದ್ದಳು, ಒಸಡಿನ ಚಿತ್ರಗಳ ನಡುವೆ. ಈಬೆನ್ ತಂದದ್ದು ಎಂದಿನಂತೆ ಬಿಯರು. ನಾನು ಪಾತ್ರೆಯನ್ನು ಮೇಜಿನ ನಡುವೆ, ಪುಸ್ತಕ ಇಡುವ ಜಾಗದಲ್ಲಿ ಇಟ್ಟು ಮುಚ್ಚಳ ತೆಗೆದೆ.

ಎಲ್ಲರೂ ಪಾತ್ರೆ ನೋಡಿದರು. ಆಮೇಲೆ ಸೋಲ್ವೆಯನ್ನು ನೋಡಿದರು. ಇದರಲ್ಲಿ ನೋಡುವಂಥದ್ದು ಏನಿತ್ತು? ಆಲೂಗಡ್ಡೆ, ಅಷ್ಟೇ.

ಸೋಲ್ವೆ ಒಂದನ್ನು ಚುಚ್ಚಿ ಎತ್ತಿ, ದೀಪಕ್ಕೆ ಹಿಡಿದು ತಿರುಗಿಸಿ ನೋಡಿದ. ಇನ್ನೊಂದು ಕೈ ಸೊಂಟಕ್ಕೆ ಹೋಯಿತು, ಗದ್ದ ಮುಂದೆ ಬಂತು. ಆ ದನಿಯನ್ನು ಏಪ್ರಿಲ್‌ನಿಂದ ಈ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ.

"ಏನಪ್ಪಾ ಮೇಷ್ಟ್ರೇ, ಈ ಸಲ ತಿಂದ್ರೆ ಸಾಯಲ್ಲ ತಾನೆ?"

ಸತ್ತವರು ಮತ್ತೆ ಬರುವಂತಿಲ್ಲ. ಅದು ನನ್ನದೇ ಕಾನೂನು. ಮೂರು ಕಡೆ ಬರೆದಿಟ್ಟಿದ್ದೇನೆ.

"ತಿನ್ನು ಕೆರ್ಸ್ಟಿನ್, ಬಿಸಿ ಆರೋಗುತ್ತೆ," ಎಂದೆ.

ಕೆರ್ಸ್ಟಿನ್ ಐದು ತಿಂದಳು. ಕೊನೆಯದನ್ನು ನನ್ನ ತಟ್ಟೆಯಿಂದ ತೆಗೆದುಕೊಂಡಳು, ಬೈಯುತ್ತಲೇ: ಉಪ್ಪು ಸಾಲದಂತೆ.